ಒಬ್ಬರೇ ಇರುವ ಮನೆಯ ದಿನಸಿ: ಎಷ್ಟು ತರಬೇಕು, ಹೇಗೆ ಇಡಬೇಕು, ಹೇಗೆ ಮುಗಿಸಬೇಕು

ಒಂಟಿಯಾಗಿ ಮನೆ ಹೂಡಿದ ಮೊದಲ ವಾರ ನಾನು ಹತ್ತು ಕಿಲೋ ಅಕ್ಕಿಯ ಚೀಲವೊಂದನ್ನು ತಂದೆ. ಹೆತ್ತವರ ಮನೆಯಲ್ಲಿ ಯಾವಾಗಲೂ ಹಾಗೆಯೇ ತರುತ್ತಿದ್ದುದರಿಂದ ಬೇರೊಂದು ಅಳತೆ ಇರಬಹುದೆಂಬುದೇ ನನಗೆ ಹೊಳೆದಿರಲಿಲ್ಲ. ಮೂರನೆಯ ತಿಂಗಳ ಒಂದು ಸಂಜೆ ಡಬ್ಬಿಯ ಮುಚ್ಚಳ ತಿರುಗಿಸಿ ಎತ್ತಿದಾಗ ಅದರ ಒಳಬದಿಯಿಂದ ಹತ್ತಿಪ್ಪತ್ತು ಅಕ್ಕಿಕಾಳುಗಳು ತೆಳುವಾದ ಬಿಳಿಯ ನೂಲಿಗೆ ಪೋಣಿಸಿದಂತೆ ಜೋತಾಡುತ್ತಿದ್ದವು. ಮುಚ್ಚಳದ ಸುತ್ತಿನ ಸಂದಿಯಲ್ಲಿ ಕೆನೆಬಣ್ಣದ ಸಣ್ಣ ಹುಳುವೊಂದು ನಿಧಾನವಾಗಿ ಸರಿಯುತ್ತಿತ್ತು. ಆ ಡಬ್ಬಿಯಲ್ಲಿ ಉಳಿದಿದ್ದ ನಾಲ್ಕು ಕಿಲೋದಷ್ಟು ಅಕ್ಕಿಯನ್ನು ಹೊರಗೆ ಸುರಿಯಬೇಕಾಯಿತು. ಅನ್ನವನ್ನು ಎಸೆಯಬಾರದೆಂದು ಕೇಳಿ ಬೆಳೆದವರಿಗೆ ಅದು ಸುಲಭದ ಕೆಲಸವಲ್ಲ.

ಅಂದು ಕುಳಿತು ಹಾಕಿದ ಲೆಕ್ಕವೇ ಈ ಬರಹದ ತಿರುಳು. ವಯಸ್ಕರೊಬ್ಬರಿಗೆ ಒಂದು ಹೊತ್ತಿನ ಊಟಕ್ಕೆ ಸುಮಾರು 75 ಗ್ರಾಂ ಅಕ್ಕಿ ಸಾಕಾಗುತ್ತದೆ; ಬೆಂದ ಮೇಲೆ ಅದು ತೂಕದಲ್ಲಿ ಎರಡೂವರೆಯಿಂದ ಮೂರು ಪಟ್ಟು ಆಗುತ್ತದೆ. ದಿನಕ್ಕೆ ಒಂದು ಹೊತ್ತು ಅನ್ನ ಮಾಡಿಕೊಳ್ಳುವವರಿಗೆ ತಿಂಗಳಿಗೆ ಬೇಕಾಗುವುದು ಎರಡೂಕಾಲು ಕಿಲೋ. ಹಾಗಾದರೆ ಹತ್ತು ಕಿಲೋ ಚೀಲ ಮುಗಿಯಲು ನಾಲ್ಕು ತಿಂಗಳಿಗಿಂತ ಹೆಚ್ಚು ಹಿಡಿಯುತ್ತದೆ. ಎಣ್ಣೆಯ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದು. ದಿನಕ್ಕೆ 20 ಮಿಲಿಲೀಟರ್ ಬಳಸುವ ಒಬ್ಬರಿಗೆ ಐದು ಲೀಟರಿನ ಡಬ್ಬ 250 ದಿನ ಬರುತ್ತದೆ. ಅದೇ ಡಬ್ಬ ನಾಲ್ಕು ಜನರ ಮನೆಯಲ್ಲಿ ಎರಡು ತಿಂಗಳಲ್ಲಿ ಖಾಲಿಯಾಗುತ್ತದೆ. ಎಣ್ಣೆ ಒಂದೇ, ಡಬ್ಬ ಒಂದೇ, ಆದರೆ ಒಂದು ಮನೆಯಲ್ಲಿ ಅದು ಕೆಡುವ ಮೊದಲೇ ಮುಗಿಯುತ್ತದೆ, ಇನ್ನೊಂದು ಮನೆಯಲ್ಲಿ ಮುಗಿಯುವ ಮೊದಲೇ ಕೆಡುತ್ತದೆ. ಆದ್ದರಿಂದ ಒಂಟಿ ಮನೆಯಲ್ಲಿ ದಿನಸಿ ಕೊಳ್ಳುವಾಗ ಕಿಲೋಗೆ ಎಷ್ಟು ಬೆಲೆ ಎಂಬ ಪ್ರಶ್ನೆಗಿಂತ ಮೊದಲು, ಪೊಟ್ಟಣ ಒಡೆದ ದಿನದಿಂದ ಇದನ್ನು ನಾನೊಬ್ಬನೇ ಅಥವಾ ನಾನೊಬ್ಬಳೇ ಎಷ್ಟು ದಿನಗಳಲ್ಲಿ ಮುಗಿಸಬಲ್ಲೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ನಿಮ್ಮ ಅಳತೆಯನ್ನು ಕಂಡುಕೊಳ್ಳುವುದು

ಬೇರೆಯವರು ಬರೆದ ದಿನಸಿ ಪಟ್ಟಿಯನ್ನು ನೋಡಿ ಕಪಾಟು ತುಂಬಿಸುವುದು ಹೊಸದಾಗಿ ಒಂಟಿಯಾಗಿ ವಾಸಿಸುವವರು ಮಾಡುವ ಮೊದಲ ತಪ್ಪು. ಅದರ ಬದಲು ಎರಡು ವಾರಗಳ ಕಾಲ ನೀವು ಮನೆಯಲ್ಲಿ ನಿಜವಾಗಿ ಏನು ಬೇಯಿಸಿದಿರಿ, ಏನು ತಿಂದಿರಿ, ಎಷ್ಟು ಹೊತ್ತು ಹೊರಗೆ ಊಟ ಮಾಡಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವಾರಕ್ಕೆ ಇಪ್ಪತ್ತೊಂದು ಹೊತ್ತು ಇದ್ದರೂ ಕೆಲಸಕ್ಕೆ ಹೋಗುವವರು ಮನೆಯಲ್ಲಿ ಅಡುಗೆ ಮಾಡುವುದು ಎಷ್ಟೋ ಸಲ ಹತ್ತು ಹನ್ನೆರಡು ಹೊತ್ತು ಮಾತ್ರ. ಈ ಸಂಖ್ಯೆ ಕೈಗೆ ಸಿಕ್ಕ ಮೇಲೆ ಉಳಿದುದೆಲ್ಲ ಬರಿಯ ಗುಣಾಕಾರ. ಧಾನ್ಯ ಹೊತ್ತಿಗೆ 75 ಗ್ರಾಂ, ಬೇಳೆ ಅಥವಾ ಕಾಳು 40ರಿಂದ 50 ಗ್ರಾಂ ಎಂದು ಇಟ್ಟುಕೊಂಡು ಆರಂಭಿಸಬಹುದು. ನಿಮ್ಮ ಹಸಿವು ಹೆಚ್ಚೋ ಕಡಿಮೆಯೋ ಎಂಬುದನ್ನು ನೋಡಿ ಮುಂದಿನ ತಿಂಗಳು ತಿದ್ದಿಕೊಳ್ಳಬಹುದು. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ, ತೂಕ ಮುದ್ರಿಸಿರುವ ಅರ್ಧ ಕಿಲೋ ಪೊಟ್ಟಣವನ್ನು ನೀವು ದಿನವೂ ಬಳಸುವ ಲೋಟದಲ್ಲಿ ಒಮ್ಮೆ ಅಳೆದುಬಿಡಿ. ಆ ಲೋಟಕ್ಕೆ ಎಷ್ಟು ಗ್ರಾಂ ಹಿಡಿಯುತ್ತದೆಂಬುದು ಒಂದು ಸಲ ತಿಳಿದರೆ ಮತ್ತೆ ತೂಗುವ ಅಗತ್ಯ ಬೀಳುವುದಿಲ್ಲ.

ಒಬ್ಬರೇ ಇರುವಾಗ ಪ್ರಮಾಣದಷ್ಟೇ ಮುಖ್ಯವಾದದ್ದು ಬಗೆಗಳ ಸಂಖ್ಯೆ. ಅರ್ಧರ್ಧ ಕಿಲೋದ ಆರು ಬಗೆಯ ಕಾಳು ಬೇಳೆಗಳನ್ನು ಒಟ್ಟಿಗೆ ತಂದಿಟ್ಟರೆ ಅದು ಮೂರು ಕಿಲೋ ಆಯಿತು. ಹೊತ್ತಿಗೆ 50 ಗ್ರಾಂನಂತೆ ದಿನಕ್ಕೊಮ್ಮೆ ಬಳಸಿದರೂ ಎರಡು ತಿಂಗಳ ದಾಸ್ತಾನು. ಎರಡು ಬಗೆಯ ಬೇಳೆಕಾಳು, ಎರಡು ಬಗೆಯ ಧಾನ್ಯ ಅಥವಾ ಹಿಟ್ಟು, ಒಂದು ಎಣ್ಣೆ, ದಿನವೂ ಬೇಕಾಗುವ ನಾಲ್ಕೈದು ಮಸಾಲೆ ಸಾಮಾನು, ಉಪ್ಪು, ಸಕ್ಕರೆ, ಚಹಾ ಅಥವಾ ಕಾಫಿ ಇಷ್ಟರಿಂದ ಆರಂಭಿಸಿ, ಒಂದು ಬಗೆ ಮುಗಿದ ಮೇಲೆ ಅದರ ಜಾಗಕ್ಕೆ ಬೇರೊಂದನ್ನು ತರುವುದು ಒಳ್ಳೆಯದು. ಬಾಯಿಗೆ ಬದಲಾವಣೆಯೂ ಸಿಗುತ್ತದೆ, ಕಪಾಟಿನಲ್ಲಿ ಹಳೆಯದು ಉಳಿಯುವುದೂ ಇಲ್ಲ.

ದೊಡ್ಡ ಪೊಟ್ಟಣ ಅಗ್ಗ ಎನ್ನುವುದು ಸುಳ್ಳಲ್ಲ, ಆದರೆ ಎಸೆದ ಭಾಗದ ಬೆಲೆಯನ್ನೂ ಸೇರಿಸಿ ನೋಡಿದರೆ ಸಣ್ಣ ಪೊಟ್ಟಣವೇ ಅಗ್ಗವಾಗುವುದುಂಟು. ಉಪ್ಪು, ಸಕ್ಕರೆ, ಪಾತ್ರೆ ತೊಳೆಯುವ ಸಾಬೂನಿನಂತಹ ಕೆಡದ ವಸ್ತುಗಳನ್ನು ದೊಡ್ಡದಾಗಿಯೇ ಕೊಳ್ಳಿ. ಜಿಡ್ಡಿನಂಶ ಇರುವುದನ್ನು, ಪುಡಿ ಮಾಡಿದ್ದನ್ನು, ಒಡೆದ ಮೇಲೆ ಗಾಳಿ ತಾಗುವುದನ್ನು ಸಣ್ಣದಾಗಿ ಕೊಳ್ಳಿ. ಹತ್ತಿರದಲ್ಲಿ ಒಂಟಿಯಾಗಿರುವ ಗೆಳೆಯರು ಇದ್ದರೆ ಒಂದು ದೊಡ್ಡ ಚೀಲವನ್ನು ಇಬ್ಬರು ಹಂಚಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ.

ಯಾವುದು ಏಕೆ ಕೆಡುತ್ತದೆ

ಪದಾರ್ಥ ಕೆಡುವ ಕಾರಣ ತಿಳಿದಿದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ನಿಯಮಗಳನ್ನು ಕಂಠಪಾಠ ಮಾಡಬೇಕಾಗಿಲ್ಲ. ಒಣ ದಿನಸಿಗೆ ತೇವ, ಶಾಖ, ಬೆಳಕು, ಗಾಳಿ ಮತ್ತು ಹುಳು ಇವೇ ಶತ್ರುಗಳು. ಒಲೆಯ ಪಕ್ಕದ ಗೂಡು ಕೈಗೆ ಹತ್ತಿರವೆಂದು ನಾವು ಎಣ್ಣೆಯನ್ನೂ ಮಸಾಲೆಯನ್ನೂ ಅಲ್ಲಿಯೇ ಜೋಡಿಸುತ್ತೇವೆ, ಆದರೆ ಅಡುಗೆಮನೆಯಲ್ಲಿ ದಿನಸಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಗೂಡು ತೇವದ ಮನೆ. ಫ್ರಿಜ್‌ನ ನೆತ್ತಿ ಸದಾ ಬೆಚ್ಚಗಿರುತ್ತದೆ. ಇವನ್ನು ಬಿಟ್ಟು, ನೆಲದಿಂದ ಮೇಲೆ, ಬಿಸಿಲು ಬೀಳದ ಗೋಡೆಯ ಕಪಾಟನ್ನು ಆರಿಸಿಕೊಳ್ಳಿ.

ಪಾಲಿಶ್ ಮಾಡಿದ ಬಿಳಿ ಅಕ್ಕಿ ಒಣಗಿದ, ಮುಚ್ಚಿದ ಡಬ್ಬಿಯಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ತೌಡು ತೆಗೆಯದ ಕಂದು ಅಕ್ಕಿ ಹಾಗಲ್ಲ, ಏಕೆಂದರೆ ಆ ತೌಡಿನಲ್ಲಿ ಎಣ್ಣೆಯ ಅಂಶವಿದ್ದು ಅದು ಸುಮಾರು ಆರು ತಿಂಗಳಲ್ಲಿ ಕಮಟು ಹಿಡಿಯುತ್ತದೆ. ಇಡಿಯ ಗೋಧಿಯ ಹಿಟ್ಟು ಮೈದಾಕ್ಕಿಂತ ಬೇಗ ಕೆಡುವುದೂ ಇದೇ ಕಾರಣಕ್ಕೆ: ಮೊಳಕೆಯ ಭಾಗದ ಜಿಡ್ಡು ಹಿಟ್ಟಿನಲ್ಲಿ ಉಳಿದಿರುತ್ತದೆ. ಇಡಿಗೋಧಿ ಹಿಟ್ಟನ್ನು ಒಂದು ತಿಂಗಳಿಗಾಗುವಷ್ಟು ಮಾತ್ರ ತನ್ನಿ. ಹೆಚ್ಚಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಅನುಮಾನ ಬಂದಾಗ ಚಿಟಿಕೆ ಹಿಟ್ಟನ್ನು ನಾಲಿಗೆಯ ಮೇಲಿಟ್ಟು ನೋಡಿ. ಒಳ್ಳೆಯ ಹಿಟ್ಟು ತುಸು ಸಿಹಿಯಾಗಿರುತ್ತದೆ, ಕೆಟ್ಟದ್ದು ಗಂಟಲಲ್ಲಿ ಕಹಿ ಉಳಿಸುತ್ತದೆ. ಶೇಂಗಾ, ಬಾದಾಮಿಯಂತಹ ಬೀಜಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವುಗಳ ಮೇಲೆ ಬೂಷ್ಟು ಕಂಡರೆ ಕೆಟ್ಟ ಕಾಳನ್ನಷ್ಟೇ ಆರಿಸಿ ತೆಗೆದು ಉಳಿದುದನ್ನು ಬಳಸಬೇಡಿ. ಶೇಂಗಾ ಮತ್ತು ಮೆಕ್ಕೆಜೋಳದಲ್ಲಿ ಬೆಳೆಯುವ ಕೆಲವು ಶಿಲೀಂಧ್ರಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ, ಅದು ಮನೆಯ ಒಲೆಯ ಶಾಖಕ್ಕೆ ಪೂರ್ತಿಯಾಗಿ ನಾಶವಾಗುವುದಿಲ್ಲ.

ಒಣ ಕಾಳುಗಳು ಕೆಡದಿದ್ದರೂ ಮುದಿಯಾಗುತ್ತವೆ. ಬೆಚ್ಚಗಿನ, ತೇವದ ಜಾಗದಲ್ಲಿ ಬಹಳ ಕಾಲ ಇಟ್ಟ ಕಾಳು ಎಷ್ಟು ಹೊತ್ತು ನೆನೆಸಿದರೂ, ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ; ಅದು ಅಡುಗೆ ಮಾಡುವವರ ತಪ್ಪಲ್ಲ. ಮಸಾಲೆ ಪದಾರ್ಥಗಳನ್ನು ಸಾಧ್ಯವಾದಷ್ಟು ಇಡಿಯಾಗಿ ಕೊಂಡು ಬೇಕಾದಾಗ ಪುಡಿ ಮಾಡಿಕೊಳ್ಳುವುದು ಲೇಸು, ಏಕೆಂದರೆ ಪುಡಿಯಾದೊಡನೆ ಪರಿಮಳದ ಎಣ್ಣೆ ಗಾಳಿಗೆ ಹಾರತೊಡಗುತ್ತದೆ. ಕುದಿಯುತ್ತಿರುವ ಪಾತ್ರೆಯ ಮೇಲೆ ಮಸಾಲೆ ಡಬ್ಬಿಯನ್ನು ಬಗ್ಗಿಸಿ ಉದುರಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಆ ಹಬೆ ಡಬ್ಬಿಯೊಳಗೆ ಹೋಗಿ ಪುಡಿ ಗಂಟು ಕಟ್ಟುತ್ತದೆ. ಒಣ ಚಮಚದಲ್ಲಿ ತೆಗೆದು ಹಾಕಿ.

ಉಪ್ಪು ಮತ್ತು ಸಕ್ಕರೆಗೆ ತೇವ ತಾಗದಿದ್ದರೆ ಸಾಕು. ಜೇನುತುಪ್ಪ ಹರಳುಗಟ್ಟಿದರೆ ಅದು ಕೆಟ್ಟಿದೆ ಎಂದಲ್ಲ, ಸೀಸೆಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ. ಆಲೂಗಡ್ಡೆ ಈರುಳ್ಳಿಗಳನ್ನು ಬೇರೆ ಬೇರೆ ಬುಟ್ಟಿಗಳಲ್ಲಿ, ಕತ್ತಲಿನಲ್ಲಿ, ಗಾಳಿಯಾಡುವಂತೆ ಇಡಬೇಕು. ಆಲೂಗಡ್ಡೆ ಹಸಿರಾದರೆ ಅದರಲ್ಲಿ ಸೊಲನಿನ್ ಎಂಬ ವಿಷಾಂಶ ಹೆಚ್ಚಿರುವ ಸೂಚನೆ. ಸಣ್ಣ ಮಚ್ಚೆಯಾದರೆ ಆಳವಾಗಿ ಕೊಯ್ದು ತೆಗೆಯಿರಿ, ಹೆಚ್ಚು ಭಾಗ ಹಸಿರಾಗಿದ್ದರೆ ಎಸೆಯಿರಿ.

ಪೊಟ್ಟಣದ ಮೇಲಿನ ದಿನಾಂಕಗಳನ್ನು ಓದುವಾಗ ಎರಡು ಮಾತುಗಳನ್ನು ಬೇರೆ ಮಾಡಿ ನೋಡಬೇಕು. ‘ಬೆಸ್ಟ್ ಬಿಫೋರ್’ ಎಂಬುದು ರುಚಿ, ಘಮ, ಗುಣಮಟ್ಟಕ್ಕೆ ಸಂಬಂಧಿಸಿದ್ದು, ಆ ದಿನ ದಾಟಿದ ಒಣ ಪದಾರ್ಥವನ್ನು ಮೂಸಿ, ನೋಡಿ, ಸರಿಯಿದ್ದರೆ ಬಳಸಬಹುದು. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಎಂದಿದ್ದರೆ ಅದು ಸುರಕ್ಷತೆಯ ಮಾತು, ಅಲ್ಲಿ ಮೂಸಿ ನೋಡುವ ಪರೀಕ್ಷೆ ಸಲ್ಲದು. ಇವೆರಡೂ ಹೇಳುವುದು ಒಡೆಯದ ಪೊಟ್ಟಣದ ವಿಷಯವನ್ನು ಎಂಬುದನ್ನು ಮರೆಯಬೇಡಿ. ಒಡೆದ ದಿನದ ಲೆಕ್ಕ ಇಡಬೇಕಾದವರು ನೀವೇ.

ಡಬ್ಬಿ, ಮುಚ್ಚಳ, ಹುಳು

ಡಬ್ಬಿಗಳು ಚಿಕ್ಕವಿರಲಿ. ಅರ್ಧ ಕಿಲೋ ಹಿಡಿಯುವ ಡಬ್ಬಿಗಳೇ ಒಬ್ಬರ ಅಡುಗೆಗೆ ಸರಿಯಾದ ಅಳತೆ, ಮುಕ್ಕಾಲು ಖಾಲಿ ಇರುವ ದೊಡ್ಡ ಡಬ್ಬಿಯಲ್ಲಿ ನಾವು ಕಾಪಾಡುವುದು ಗಾಳಿಯನ್ನು. ಗಾಜಿನದಾದರೆ ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಬೆಳಕು ತಾಗಬಾರದ ಮಸಾಲೆಗೆ ಸ್ಟೀಲಿನದು ಒಳ್ಳೆಯದು. ಪ್ರತಿ ಡಬ್ಬಿಯ ಮೇಲೆ ಕಾಗದದ ಟೇಪು ಅಂಟಿಸಿ ಒಡೆದ ದಿನಾಂಕವನ್ನು ಬರೆಯಿರಿ. ಈ ಒಂದು ಅಭ್ಯಾಸದಿಂದ ನನ್ನ ಮನೆಯಲ್ಲಿ ಆದ ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ. ಕೊಂಡು ತಂದಾಗ ಹಳೆಯ ಸಾಮಾನಿನ ಮೇಲೆ ಹೊಸದನ್ನು ಸುರಿಯಬೇಡಿ. ಹಳೆಯದು ಮುಗಿದ ಮೇಲೆ ಡಬ್ಬಿಯನ್ನು ತೊಳೆದು, ಒಂದು ದಿನ ಬೋರಲು ಹಾಕಿ ಪೂರ್ತಿ ಒಣಗಿಸಿ, ಆಮೇಲೆ ಹೊಸದನ್ನು ತುಂಬಿ. ತಳದಲ್ಲಿ ವರ್ಷಗಳಿಂದ ಕುಳಿತಿರುವ ಒಂದು ಹಿಡಿಯೇ ಹುಳುವಿನ ತವರು.

ಹುಳು ಎಲ್ಲಿಂದ ಬಂತು ಎಂದು ಅನೇಕರು ಮನೆಯನ್ನೆಲ್ಲ ದೂರುತ್ತಾರೆ, ಆದರೆ ಅದು ಹೆಚ್ಚಿನ ಸಲ ಬರುವುದು ಚೀಲದ ಒಳಗೇ. ಅಕ್ಕಿಯ ಮೂತಿಹುಳು ಕಾಳಿನಲ್ಲಿ ಸಣ್ಣ ತೂತು ಕೊರೆದು, ಅದರೊಳಗೆ ಮೊಟ್ಟೆಯಿಟ್ಟು, ಮತ್ತೆ ತೂತನ್ನು ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಕಾಳು ಸ್ವಚ್ಛವಾಗಿಯೇ ಕಾಣುತ್ತದೆ. ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಒಳಗಿನಿಂದ ಬೆಳೆದ ಹುಳು ಹೊರಬರುತ್ತದೆ. ಒಂದು ತಿಂಗಳೊಳಗೆ ಅಕ್ಕಿ ಮುಗಿಸುವ ದೊಡ್ಡ ಮನೆಗೆ ಇದರ ಸುಳಿವೇ ಸಿಗುವುದಿಲ್ಲ, ಒಂಟಿ ಮನೆಯವರಿಗೆ ಮಾತ್ರ ಪ್ರತಿ ಸಲ ಸಿಗುತ್ತದೆ. ಇದಕ್ಕೆ ನಂಬಬಹುದಾದ ಪರಿಹಾರ ಫ್ರೀಜರ್. ತಂದ ಧಾನ್ಯವನ್ನು ಕಿಲೋ ಕಿಲೋದಂತೆ ಗಟ್ಟಿ ಚೀಲಗಳಿಗೆ ಹಾಕಿ, ಬಾಯಿ ಬಿಗಿದು, ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರುವ ಫ್ರೀಜರಿನಲ್ಲಿ ನಾಲ್ಕರಿಂದ ಏಳು ದಿನ ಇಟ್ಟರೆ ಮೊಟ್ಟೆಯೂ ಮರಿಯೂ ಸಾಯುತ್ತವೆ. ಹೊರತೆಗೆದ ಕೂಡಲೇ ಚೀಲ ಬಿಚ್ಚಬೇಡಿ. ತಣ್ಣಗಿನ ಕಾಳಿಗೆ ಹೊರಗಿನ ಗಾಳಿ ತಾಗಿದರೆ ನೀರು ಬೆವರುತ್ತದೆ, ಆ ತೇವ ಬೂಷ್ಟಿಗೆ ದಾರಿ. ಚೀಲವು ಕೋಣೆಯ ಶಾಖಕ್ಕೆ ಬಂದ ಮೇಲೆ, ಅಂದರೆ ಒಂದು ರಾತ್ರಿ ಕಳೆದ ಮೇಲೆ, ಡಬ್ಬಿಗೆ ಸುರಿಯಿರಿ.

ನಾನು ಆರಂಭದಲ್ಲಿ ಹೇಳಿದ ನೂಲು ಮೂತಿಹುಳುವಿನದಲ್ಲ, ಪತಂಗದ ಮರಿಯದು. ಅದು ಇನ್ನಷ್ಟು ಹಟಮಾರಿ, ಡಬ್ಬಿ ಬಿಟ್ಟು ಮುಚ್ಚಳದ ಸುತ್ತಿಗೆ, ಕಪಾಟಿನ ಮೂಲೆಗೆ, ಮೊಳೆಯ ತೂತಿಗೆ ಹೋಗಿ ಗೂಡು ಕಟ್ಟುತ್ತದೆ. ಸಂಜೆಯ ಹೊತ್ತು ಅಡುಗೆಮನೆಯಲ್ಲಿ ಸಣ್ಣ ಪತಂಗಗಳು ಹಾರಾಡುತ್ತಿದ್ದರೆ ಒಂದು ಡಬ್ಬಿಯನ್ನು ಚೊಕ್ಕಟ ಮಾಡಿ ಸುಮ್ಮನಾಗಬಾರದು. ಕಪಾಟನ್ನು ಪೂರ್ತಿ ಖಾಲಿ ಮಾಡಿ, ಹುಳು ಕಂಡ ಪದಾರ್ಥಗಳನ್ನು ಚೀಲದಲ್ಲಿ ಕಟ್ಟಿ ಅಂದೇ ಮನೆಯಿಂದ ಹೊರಹಾಕಿ, ಮೂಲೆ ಸಂದಿಗಳನ್ನೆಲ್ಲ ಬ್ರಷ್ಷಿನಿಂದ ಉಜ್ಜಿ, ಸಾಬೂನು ನೀರಿನಿಂದ ಒರೆಸಿ, ಒಣಗಿಸಿ, ಆಮೇಲೆ ಜೋಡಿಸಬೇಕು. ಕೀಟನಾಶಕವನ್ನು ದಿನಸಿಯ ಕಪಾಟಿನೊಳಗೆ ಸಿಂಪಡಿಸಬೇಡಿ.

ಕಾಯಿಲೆ ಬಿದ್ದ ದಿನದ ಗೂಡು

ಒಂಟಿಯಾಗಿ ಬದುಕುವವರ ದಿನಸಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು, ಮತ್ತು ಬಹಳ ಜನ ಇದನ್ನು ಯೋಚಿಸುವುದೇ ಇಲ್ಲ. ಒಮ್ಮೆ ನನಗೆ ಜ್ವರ ಬಂದು ಮೂರು ದಿನ ಹಾಸಿಗೆ ಹಿಡಿದಾಗ ಕಪಾಟು ತುಂಬಿತ್ತು. ಅಕ್ಕಿಯಿತ್ತು, ಬೇಳೆಯಿತ್ತು, ಹಿಟ್ಟಿತ್ತು, ಆದರೆ ಅವುಗಳಲ್ಲಿ ಒಂದನ್ನಾದರೂ ತೊಳೆದು, ಒಲೆ ಹಚ್ಚಿ, ಬೇಯುವವರೆಗೆ ನಿಂತುಕೊಳ್ಳುವ ಶಕ್ತಿ ನನ್ನ ಕಾಲುಗಳಲ್ಲಿ ಇರಲಿಲ್ಲ. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬಿಯಿಂದ ಎರಡು ಚಮಚ ತಿಂದು, ನೀರು ಕುಡಿದು ಮಲಗಿದೆ. ತುಂಬಿದ ಕಪಾಟು ಬೇರೆ, ಕೈಗೆಟುಕುವ ಊಟ ಬೇರೆ ಎಂಬುದು ಅಂದು ತಿಳಿಯಿತು.

ಆದ್ದರಿಂದ ಒಂದು ಗೂಡನ್ನು ಮೂರು ದಿನಗಳ ಕಾಯಿಲೆಗೆಂದೇ ಮೀಸಲಿಡಿ. ಅದು ಸ್ಟೂಲು ಹತ್ತದೆ, ಬಗ್ಗದೆ ತಲುಪುವ ಎತ್ತರದಲ್ಲಿರಬೇಕು. ಅದರಲ್ಲಿ ಇಡುವುದು ಬೇಯಿಸದೆ ತಿನ್ನಬಹುದಾದ ಅಥವಾ ಬಿಸಿನೀರು ಹಾಕಿದರೆ ಸಿದ್ಧವಾಗುವ ಪದಾರ್ಥಗಳನ್ನು ಮಾತ್ರ: ಉಪ್ಪು ಬಿಸ್ಕತ್ತು, ಬೇಗ ಮೆತ್ತಗಾಗುವ ಓಟ್ಸ್, ಹಾಲಿನ ಪುಡಿ, ಸೂಪಿನ ಪೊಟ್ಟಣ, ಒಣದ್ರಾಕ್ಷಿ, ಕೈಯಿಂದ ಎಳೆದು ತೆರೆಯಬಹುದಾದ ಡಬ್ಬಿಯ ಆಹಾರ. ಜೊತೆಗೆ ದಿನಕ್ಕೆ ಎರಡರಿಂದ ಮೂರು ಲೀಟರಿನಂತೆ ಕುಡಿಯುವ ನೀರು ಮತ್ತು ಓಆರ್‌ಎಸ್ ಪೊಟ್ಟಣಗಳು ಇರಲಿ. ಪೊಟ್ಟಣ ಇಲ್ಲದಿದ್ದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು ಕರಗಿಸಿಕೊಳ್ಳಬಹುದು. ಉಪ್ಪಿನ ಅಳತೆ ಹೆಚ್ಚಾಗಕೂಡದು; ಒಂದು ದಿನದ ಮೇಲೆ ಉಳಿದ ನೀರನ್ನು ಚೆಲ್ಲಬೇಕು. ಈ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಗೂಡಿನ ಒಳಗೋಡೆಗೆ ಅಂಟಿಸಿಡಿ, ಜ್ವರದ ತಲೆಗೆ ಲೆಕ್ಕ ನೆನಪಾಗುವುದಿಲ್ಲ.

ಈ ಗೂಡಿನ ಸಾಮಾನನ್ನು ಮುಟ್ಟದೆ ವರ್ಷವಿಡೀ ಕಾದಿರಿಸುವುದೂ ತಪ್ಪು. ಆರು ತಿಂಗಳಿಗೊಮ್ಮೆ ಅದನ್ನು ದಿನದ ಬಳಕೆಗೆ ತೆಗೆದುಕೊಂಡು ಹೊಸದನ್ನು ಇಟ್ಟರೆ ಯಾವುದೂ ಹಾಳಾಗುವುದಿಲ್ಲ. ನೆರೆಯವರೊಬ್ಬರಿಗೆ ಅಥವಾ ಆಪ್ತರೊಬ್ಬರಿಗೆ ಆ ಗೂಡು ಎಲ್ಲಿದೆ ಎಂದು ತಿಳಿಸಿಟ್ಟಿದ್ದರೆ ಅವರು ಬಂದಾಗ ಹುಡುಕಾಡುವುದು ತಪ್ಪುತ್ತದೆ.

ಬೇಯಿಸಿದ್ದು, ತೆರೆದದ್ದು, ಉಳಿದದ್ದು

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಶೇಕಡಾ 60ರಷ್ಟು ಮನೆಗಳಿಂದಲೇ ಹೋದದ್ದು. ಒಂಟಿ ಮನೆಯಲ್ಲಿ ಈ ಸೋರಿಕೆ ಹೆಚ್ಚಾಗಿ ಆಗುವುದು ಅರ್ಧ ಬಳಸಿದ ಪೊಟ್ಟಣ ಮತ್ತು ಅರ್ಧ ಉಂಡ ಅಡುಗೆಯಲ್ಲಿ. ಒಬ್ಬರಿಗಷ್ಟೇ ಬೇಯಿಸುವುದು ಬೇಸರದ ಕೆಲಸವೆಂದು ಎರಡು ಮೂರು ಹೊತ್ತಿಗೆ ಒಟ್ಟಿಗೆ ಮಾಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಆದರೆ ಉಳಿಸುವ ಕ್ರಮ ತಿಳಿದಿರಬೇಕು. ಬೇಯಿಸಿದ ಆಹಾರವನ್ನು ಕೋಣೆಯ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಏಕೆಂದರೆ 5ರಿಂದ 60 ಡಿಗ್ರಿಗಳ ನಡುವೆ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತವೆ. ಅನ್ನದ ವಿಷಯದಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯದೆ ಉಳಿದು, ಅನ್ನ ಹೊರಗೇ ಉಳಿದಾಗ ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲವಾದ ಪಾತ್ರೆಯಲ್ಲಿ ತೆಳುವಾಗಿ ಹರಡಿ ಬೇಗ ಆರಿಸಿ, ಫ್ರಿಜ್‌ನಲ್ಲಿಟ್ಟು, ಮರುದಿನವೇ ಮುಗಿಸಿ. ಉಳಿದ ಅಡುಗೆಗಳು ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತವೆ. ತಿನ್ನುವ ಮುಂಚೆ ನಡುವಿನವರೆಗೂ ಹಬೆಯಾಡುವಂತೆ ಬಿಸಿ ಮಾಡಬೇಕು.

ಡಬ್ಬಿಯ ಆಹಾರವನ್ನು ತೆರೆದ ಮೇಲೆ ಅದೇ ತಗಡಿನಲ್ಲಿ ಬಿಡದೆ ಗಾಜಿನ ಡಬ್ಬಿಗೆ ವರ್ಗಾಯಿಸಿ. ಉಬ್ಬಿದ ಅಥವಾ ಸೋರುತ್ತಿರುವ ತಗಡಿನ ಡಬ್ಬಿಯನ್ನು ರುಚಿ ನೋಡುವ ಸಾಹಸ ಮಾಡದೆ ಎಸೆಯಿರಿ. ಬ್ರೆಡ್ಡನ್ನು ಹೋಳುಗಳಾಗಿಯೇ ಫ್ರೀಜರಿನಲ್ಲಿಟ್ಟರೆ ಬೇಕಾದ ಎರಡು ಹೋಳನ್ನು ತೆಗೆದು ನೇರವಾಗಿ ಕಾವಲಿಯ ಮೇಲೆ ಹಾಕಿಕೊಳ್ಳಬಹುದು. ಫ್ರೀಜರಿಗೆ ಹೋಗುವ ಎಲ್ಲವನ್ನೂ ಒಂದು ಹೊತ್ತಿನ ಅಳತೆಗೆ ಕಟ್ಟಿ, ಹೆಸರು ದಿನಾಂಕ ಬರೆದಿಡಿ. ಹಿಮ ಹಿಡಿದ ಮೇಲೆ ಎಲ್ಲ ಗಂಟುಗಳೂ ಒಂದೇ ಥರ ಕಾಣುತ್ತವೆ.

ವಾರದಲ್ಲಿ ಒಂದು ದಿನ, ಸಾಮಾನು ತರಲು ಹೋಗುವ ಹಿಂದಿನ ದಿನವಾದರೆ ಇನ್ನೂ ಒಳ್ಳೆಯದು, ಏನನ್ನೂ ಹೊಸದಾಗಿ ಒಡೆಯದೆ ತೆರೆದಿರುವುದರಿಂದಲೇ ಅಡುಗೆ ಮಾಡಿ. ಕಪಾಟಿನ ಬಾಗಿಲಿನ ಒಳಬದಿಗೆ ಒಂದು ಹಾಳೆ ಅಂಟಿಸಿ, ಯಾವ ಪದಾರ್ಥದ ಕೊನೆಯ ಪೊಟ್ಟಣವನ್ನು ಒಡೆಯುತ್ತೀರೋ ಆಗಲೇ ಅದರ ಹೆಸರನ್ನು ಅಲ್ಲಿ ಬರೆಯಿರಿ. ಆ ಹಾಳೆಯೇ ಅಂಗಡಿಗೆ ಒಯ್ಯುವ ಪಟ್ಟಿ. ಅದರಲ್ಲಿ ಇಲ್ಲದ್ದನ್ನು ಎಷ್ಟೇ ರಿಯಾಯಿತಿ ಇದ್ದರೂ ತರಬೇಡಿ. ಹೆಚ್ಚುವರಿಯಾಗಿ ಒಂದೊಂದು ಪೊಟ್ಟಣ ಇಟ್ಟುಕೊಳ್ಳಬೇಕಾದದ್ದು ನೀವು ದಿನವೂ ಬಳಸುವ ಐದಾರು ವಸ್ತುಗಳನ್ನು ಮಾತ್ರ.

ವಾರಕ್ಕಿಂತ ಹೆಚ್ಚು ಕಾಲ ಊರು ಬಿಟ್ಟು ಹೋಗುವುದಿದ್ದರೆ ಎರಡು ದಿನ ಮುಂಚಿನಿಂದಲೇ ತರಕಾರಿ ಹಾಲು ತರುವುದನ್ನು ನಿಲ್ಲಿಸಿ, ಇರುವುದನ್ನು ಮುಗಿಸಿ, ಕಸದ ಬುಟ್ಟಿಯನ್ನು ಖಾಲಿ ಮಾಡಿ, ತೆರೆದ ಹಿಟ್ಟು ಮತ್ತು ಬೀಜಗಳನ್ನು ಫ್ರಿಜ್‌ಗೆ ಸೇರಿಸಿ ಹೊರಡಿ. ವಿದ್ಯುತ್ತು ಹೋಗಿ ಬಂದಿದೆಯೇ ಎಂದು ತಿಳಿಯಲು ಫ್ರೀಜರಿನಲ್ಲಿ ಒಂದು ಲೋಟ ನೀರನ್ನು ಗಟ್ಟಿಯಾಗಿಸಿ ಅದರ ಮೇಲೊಂದು ನಾಣ್ಯ ಇಟ್ಟು ಹೋಗಿ. ಮರಳಿ ಬಂದಾಗ ನಾಣ್ಯ ಮಂಜುಗಡ್ಡೆಯ ಮೇಲೆಯೇ ಇದ್ದರೆ ಒಳಗಿನ ಆಹಾರ ಕರಗಿಲ್ಲ. ತಳಕ್ಕೆ ಇಳಿದಿದ್ದರೆ ನೀವಿಲ್ಲದಾಗ ಎಲ್ಲವೂ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ಅರ್ಥ, ಆಗ ಅಲ್ಲಿದ್ದ ಬೇಯಿಸಿದ ಆಹಾರವನ್ನು ತಿನ್ನಬಾರದು.